ಬೆಂಗಳೂರಲ್ಲಿ ಮೆಟ್ರೊ ಸಿಗ್ನಲ್ ಕೈಕೊಟ್ಟಾಗ: ಶಿವಮೊಗ್ಗ ಕಡೆಯಿಂದ ಹೋಗುವವರು ಏನು ಮಾಡಬೇಕು?

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಓದುಗರು ಒಂದೇ ವಿಷಯವನ್ನು ಪದೇ ಪದೇ ಕೇಳುತ್ತಿದ್ದಾರೆ. ಬೆಂಗಳೂರಿಗೆ ಆಸ್ಪತ್ರೆಗೋ ಇಂಟರ್‌ವ್ಯೂಗೋ ಹೋಗಿರುತ್ತಾರೆ, ಮೆಟ್ರೊ ನಡುದಾರಿಯಲ್ಲಿ ನಿಲ್ಲುತ್ತದೆ, ‘ಸಿಗ್ನಲ್ ಸಮಸ್ಯೆ’ ಅಂತ ಘೋಷಣೆ ಬರುತ್ತದೆ. ಆಮೇಲೆ ಎಷ್ಟು ಹೊತ್ತು ಕಾಯಬೇಕು? ಟಿಕೆಟ್ ದುಡ್ಡು ವಾಪಸ್ ಬರುತ್ತಾ? ಊರಿಗೆ ಬರುವ ರೈಲು ತಪ್ಪಿಹೋದರೆ ಏನು ಗತಿ?

ಬೆಂಗಳೂರಲ್ಲೇ ಇರುವವರಿಗೆ ಇದು ಅರ್ಧ ಗಂಟೆಯ ಕಿರಿಕಿರಿ. ನಮ್ಮ ಕಡೆಯವರಿಗೆ ಹಾಗಲ್ಲ. ರಾತ್ರಿಯಿಡೀ ನಿದ್ದೆಗೆಟ್ಟು ಹೋಗಿರುತ್ತೀರಿ, ಜೊತೆಗೆ ವಯಸ್ಸಾದ ಅಮ್ಮ ಇರುತ್ತಾರೆ, ಕೈಯಲ್ಲಿ ರಿಪೋರ್ಟ್‌ಗಳ ಫೈಲು, ಭುಜಕ್ಕೊಂದು ಬ್ಯಾಗು. ಡಾಕ್ಟರ್ ಕೊಟ್ಟ ಹೊತ್ತು ತಪ್ಪಿದರೆ ಮತ್ತೆ ಅಷ್ಟು ದೂರ ಬರಬೇಕು. ಹಾಗಾಗಿ ಒಂದೊಂದೇ ಹಂತ ಹೇಳುತ್ತೇನೆ, ನಿಧಾನಕ್ಕೆ ಓದಿ.

ಮೊದಲು, ಸಿಗ್ನಲ್ ಕೆಟ್ಟಿದೆ ಅಂದರೆ ಏನು?

ಮೆಟ್ರೊದಲ್ಲಿ ಚಾಲಕರು ಕಂಬದ ಮೇಲಿನ ಕೆಂಪು-ಹಸಿರು ದೀಪ ನೋಡಿಕೊಂಡು ಮಾತ್ರ ಓಡಿಸುವುದಿಲ್ಲ. ಹಳಿಯನ್ನು ತುಂಡು ತುಂಡಾಗಿ ವಿಂಗಡಿಸಿರುತ್ತಾರೆ. ಯಾವ ತುಂಡಿನಲ್ಲಿ ರೈಲು ಇದೆ ಅಂತ ವ್ಯವಸ್ಥೆಗೆ ಸದಾ ಗೊತ್ತಿರುತ್ತದೆ. ಮುಂದಿನ ರೈಲು ಎಷ್ಟು ದೂರದಲ್ಲಿದೆ, ಎಷ್ಟು ವೇಗದಲ್ಲಿ ಹೋಗಬಹುದು ಅನ್ನುವ ಲೆಕ್ಕ ರೈಲಿನೊಳಗಿನ ಕಂಪ್ಯೂಟರಿಗೆ ಬರುತ್ತಾ ಇರುತ್ತದೆ. ನೇರಳೆ ಮತ್ತು ಹಸಿರು ಮಾರ್ಗದಲ್ಲಿ ಇರುವುದು ಇದೇ ಬಗೆ. 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗದಲ್ಲಿ ಸಿಬಿಟಿಸಿ ಅನ್ನುವ ವ್ಯವಸ್ಥೆ ಇದೆ. ಅಂದರೆ ರೈಲು ಮತ್ತು ನಿಯಂತ್ರಣ ಕೊಠಡಿ ರೇಡಿಯೊ ಮೂಲಕ ಬಿಡದೆ ಮಾತಾಡಿಕೊಳ್ಳುತ್ತಿರುತ್ತವೆ.

ಇದರಲ್ಲಿ ಯಾವುದೇ ಕೊಂಡಿ ಕಳಚಿದರೂ ವ್ಯವಸ್ಥೆ ‘ಮುಂದೆ ರೈಲು ಇದೆ’ ಅಂತಲೇ ಅಂದುಕೊಂಡು ನಿಲ್ಲಿಸುತ್ತದೆ. ಆಗುಂಬೆ ಘಾಟಿಯಲ್ಲಿ ಮಂಜು ಕವಿದಾಗ ಮುಂದಿನ ತಿರುವಿನಲ್ಲಿ ಬಸ್ ಇದ್ದೇ ಇದೆ ಅಂದುಕೊಂಡು ಗಾಡಿ ಓಡಿಸುತ್ತೇವಲ್ಲ, ಹಾಗೆ. ಆಮೇಲೆ ನಿಯಂತ್ರಣ ಕೊಠಡಿಯ ಅನುಮತಿ ಪಡೆದು ಚಾಲಕರು ಕೈಯಾರೆ ಓಡಿಸುತ್ತಾರೆ, ಗಂಟೆಗೆ 25 ಕಿ.ಮೀ. ಆಸುಪಾಸು. ಮಾಮೂಲಿಯಾಗಿ 80 ಕಿ.ಮೀ.ವರೆಗೂ ಹೋಗುವ ರೈಲು ಇಷ್ಟು ನಿಧಾನವಾದರೆ ಹಿಂದಿನವೆಲ್ಲ ಸಾಲುಗಟ್ಟುತ್ತವೆ. ಕೆಟ್ಟಿದ್ದು ಎರಡೇ ಸ್ಟೇಷನ್‌ಗಳ ನಡುವೆ ಇರಬಹುದು, ಹೊಡೆತ ಇಡೀ ಮಾರ್ಗಕ್ಕೆ. ದೋಷ ಸರಿಯಾದ ಮೇಲೂ ರೈಲುಗಳು ತಂತಮ್ಮ ಜಾಗಕ್ಕೆ ಮರಳಲು ಹೊತ್ತು ಬೇಕು. ‘ಸಮಸ್ಯೆ ಬಗೆಹರಿದಿದೆ’ ಅಂತ ಘೋಷಣೆ ಬಂದ ಕೂಡಲೇ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ.

ಹಾಗೆ ರೈಲು ನಿಂತಿದೆ ಅಂದರೆ ನೀವು ಅಪಾಯದಲ್ಲಿದ್ದೀರಿ ಅಂತ ಅರ್ಥ ಅಲ್ಲ. ಅಪಾಯ ಆಗದಿರಲಿ ಅಂತಲೇ ಅದು ನಿಂತಿರುವುದು. ಗಾಬರಿಯಾಗುವ ಹಿರಿಯರಿಗೆ ಇದನ್ನು ಮೊದಲೇ ಹೇಳಿಡಿ.

1. ಮನೆ ಬಿಡುವ ಮೊದಲೇ ಬದಲಿ ದಾರಿ ಬರೆದಿಟ್ಟುಕೊಳ್ಳಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು, ಜನ ಬಿಟ್ಟುಬಿಡುವುದೂ ಇದನ್ನೇ. ಮೆಟ್ರೊ ನಿಂತ ಮೇಲೆ, ಗಲಾಟೆಯ ಮಧ್ಯೆ ನಿಂತುಕೊಂಡು ಫೋನಿನಲ್ಲಿ ದಾರಿ ಹುಡುಕುವುದು ಕಷ್ಟ. ಮೆಜೆಸ್ಟಿಕ್ ಮೆಟ್ರೊ ಸ್ಟೇಷನ್ ನೆಲದಡಿ ಇದೆ, ನೆಟ್‌ವರ್ಕ್ ಸರಿಯಾಗಿ ಸಿಗುತ್ತದೆ ಅಂತ ನಂಬಿ ಕೂರಬೇಡಿ. ಒಂದು ಚೀಟಿಯಲ್ಲಿ ಹೋಗುವ ಜಾಗ, ಅಲ್ಲಿನ ಮೆಟ್ರೊ ಸ್ಟೇಷನ್, ಮೆಟ್ರೊ ಇಲ್ಲದಿದ್ದರೆ ಹೋಗುವ ಬಸ್ಸು, ಇಷ್ಟನ್ನು ಬರೆದುಕೊಳ್ಳಿ.

ನಮ್ಮವರು ಜಾಸ್ತಿ ಹೋಗುವ ಕೆಲವು ಜಾಗಗಳು:

ಜಯದೇವ ಆಸ್ಪತ್ರೆಗೆ ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆ, ಅಲ್ಲಿ ಹಳದಿ ಮಾರ್ಗಕ್ಕೆ ಬದಲಾಗಿ ಜಯದೇವ ಆಸ್ಪತ್ರೆ ಸ್ಟೇಷನ್. ಮೆಟ್ರೊ ಇಲ್ಲದಿದ್ದರೆ ಮೆಜೆಸ್ಟಿಕ್‌ನಿಂದ ಬನ್ನೇರುಘಟ್ಟ ಕಡೆ ಹೋಗುವ 365 ಸರಣಿಯ ಬಿಎಂಟಿಸಿ ಬಸ್.

ವೈಟ್‌ಫೀಲ್ಡ್‌ನ ಸತ್ಯಸಾಯಿ ಆಸ್ಪತ್ರೆಗೆ ನೇರಳೆ ಮಾರ್ಗದಲ್ಲಿ ಅದೇ ಹೆಸರಿನ ಸ್ಟೇಷನ್ ಇದೆ. ಬದಲಿಗೆ 335ಇ ಬಸ್ ಇದೆ, ಆದರೆ ಟ್ರಾಫಿಕ್‌ನಲ್ಲಿ ತುಂಬಾ ಹೊತ್ತು ಹಿಡಿಯುತ್ತದೆ. ಇದಕ್ಕೆ ಇನ್ನೂ ಒಳ್ಳೆಯ ದಾರಿ ಇದೆ, ಐದನೇ ಹಂತದಲ್ಲಿ ಹೇಳುತ್ತೇನೆ. ಎಲೆಕ್ಟ್ರಾನಿಕ್ ಸಿಟಿಗೆ ಹಳದಿ ಮಾರ್ಗ, ಇಲ್ಲದಿದ್ದರೆ 356 ಸರಣಿ. ವಿಕ್ಟೋರಿಯಾ, ವಾಣಿವಿಲಾಸಕ್ಕೆ ಹಸಿರು ಮಾರ್ಗದ ಕೆ.ಆರ್. ಮಾರುಕಟ್ಟೆ ಸ್ಟೇಷನ್. ಅದು ಮೆಜೆಸ್ಟಿಕ್‌ನಿಂದ ಎರಡೇ ಸ್ಟೇಷನ್, ಮೆಟ್ರೊ ನಿಂತರೆ ತಲೆ ಕೆಡಿಸಿಕೊಳ್ಳದೆ ಆಟೊ ಹತ್ತಿ.

ಮಹಿಳೆಯರು ಕರ್ನಾಟಕದ ವಿಳಾಸ ಇರುವ ಆಧಾರ್ ಅಥವಾ ವೋಟರ್ ಐಡಿ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಶಕ್ತಿ ಯೋಜನೆಯಲ್ಲಿ ಬಿಎಂಟಿಸಿ ಸಾಮಾನ್ಯ ಬಸ್ಸುಗಳಿಗೆ ಟಿಕೆಟ್ ದುಡ್ಡಿಲ್ಲ. ವಜ್ರ ಎಸಿ ಬಸ್ಸುಗಳಿಗೆ ಇದು ನಡೆಯುವುದಿಲ್ಲ, ಹತ್ತುವ ಮೊದಲು ನೋಡಿಕೊಳ್ಳಿ.

ಸಾಮಾನು ಕಡಿಮೆ ಇರಲಿ. ನೆಂಟರ ಮನೆಗೆ ಅಂತ ಹಲಸಿನಹಣ್ಣು, ಉಪ್ಪಿನಕಾಯಿ ಡಬ್ಬಿ, ಚೀಲ ತುಂಬ ಕಾಯಿ ಹೊತ್ತು ಹೋಗುತ್ತೇವೆ. ಮೆಟ್ರೊ ಓಡುತ್ತಿದ್ದರೆ ಹೇಗೋ ನಡೆಯುತ್ತದೆ. ಅದು ನಿಂತು, ಆ ಚೀಲದ ಸಮೇತ ತುಂಬಿದ ಬಸ್ಸಿಗೆ ನುಗ್ಗಬೇಕಾಗಿ ಬಂದರೆ ಗೊತ್ತಾಗುತ್ತದೆ.

2. ಬಸ್ಸಿನಲ್ಲಿ ಹೋಗುತ್ತಿದ್ದರೆ, ಇಳಿಯುವ ಮೊದಲೇ ನೋಡಿ

ಶಿವಮೊಗ್ಗದ ಬಸ್ಸುಗಳು ತುಮಕೂರು ರಸ್ತೆಯಲ್ಲೇ ಬೆಂಗಳೂರು ಸೇರುತ್ತವೆ. ಆ ರಸ್ತೆಯ ಉದ್ದಕ್ಕೂ ಹಸಿರು ಮಾರ್ಗ ಇದೆ: ಮಾದಾವರ, ನಾಗಸಂದ್ರ, ಜಾಲಹಳ್ಳಿ, ಗೊರಗುಂಟೆಪಾಳ್ಯ, ಯಶವಂತಪುರ. ಟ್ರಾಫಿಕ್ ತಪ್ಪಿಸಲು ತುಂಬಾ ಜನ ನಾಗಸಂದ್ರದಲ್ಲೋ ಜಾಲಹಳ್ಳಿ ಕ್ರಾಸಿನಲ್ಲೋ ಇಳಿದು ಮೆಟ್ರೊ ಹತ್ತುತ್ತಾರೆ. ಒಳ್ಳೆಯ ಅಭ್ಯಾಸವೇ. ಆದರೆ ಹಸಿರು ಮಾರ್ಗ ನಿಂತಿರುವ ದಿನ ಅಲ್ಲಿ ಇಳಿದರೆ ಕೈಯಲ್ಲಿದ್ದ ಸೀಟನ್ನು ಬಿಟ್ಟುಕೊಟ್ಟ ಹಾಗೆ.

ಆದ್ದರಿಂದ ನೆಲಮಂಗಲ ಬರುತ್ತಿದ್ದ ಹಾಗೆ ಫೋನ್ ತೆಗೆಯಿರಿ. ಬಿಎಂಆರ್‌ಸಿಎಲ್, ಅಂದರೆ ಮೆಟ್ರೊ ನಡೆಸುವ ನಿಗಮ, ತನ್ನ ಸಾಮಾಜಿಕ ಜಾಲತಾಣಗಳಲ್ಲಿ ತೊಂದರೆ ಇದ್ದರೆ ಹಾಕುತ್ತದೆ. ಅದಕ್ಕಿಂತ ಬೇಗ ಪ್ರಯಾಣಿಕರೇ ಫೋಟೊ ಸಮೇತ ಹಾಕಿರುತ್ತಾರೆ, ಅದನ್ನೂ ನೋಡಿ. ತೊಂದರೆ ಇದೆ ಅಂತ ಕಂಡರೆ ಬಸ್ಸಿನಲ್ಲೇ ಕೂತು ಮೆಜೆಸ್ಟಿಕ್‌ಗೆ ಹೋಗಿ.

ಇದು ಬರೀ ಮಾತಿಗೆ ಹೇಳಿದ್ದಲ್ಲ. 2023ರ ಅಕ್ಟೋಬರ್ 3ರಂದು ರಾಜಾಜಿನಗರದ ಬಳಿ ಹಳಿ ನಿರ್ವಹಣೆಯ ವಾಹನವೊಂದು ಹಳಿ ತಪ್ಪಿತು. ಆಗ ಯಶವಂತಪುರ ಮತ್ತು ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ನಡುವೆ ಒಂದೇ ಹಳಿಯಲ್ಲಿ ಎರಡೂ ಕಡೆಯ ರೈಲು ಓಡಿಸಬೇಕಾಯಿತು. ಅದು ಸಿಗ್ನಲ್ ದೋಷ ಅಲ್ಲ ನಿಜ, ಆದರೆ ಪರಿಣಾಮ ಅದೇ, ಮತ್ತು ನಮ್ಮವರು ಜಾಸ್ತಿ ಬಳಸುವ ಭಾಗವೂ ಅದೇ.

ಇನ್ನೊಂದು: ಭಾನುವಾರ ಮೆಟ್ರೊ ಶುರುವಾಗುವುದೇ ಬೆಳಿಗ್ಗೆ 7ಕ್ಕೆ. ರಾತ್ರಿ ಬಸ್ಸಿನಲ್ಲಿ ಬಂದು ಐದು ಗಂಟೆಗೆ ಮುಚ್ಚಿದ ಶಟರ್ ನೋಡಿ ಮೆಟ್ರೊ ಕೆಟ್ಟಿದೆ ಅಂದುಕೊಳ್ಳಬೇಡಿ.

3. ಗೇಟ್ ದಾಟುವ ಮೊದಲು ಮೂರು ಪ್ರಶ್ನೆ ಕೇಳಿ

ಸ್ಟೇಷನ್ನಿನಲ್ಲಿ ಮಾಮೂಲಿಗಿಂತ ಜಾಸ್ತಿ ಜನ ನಿಂತಿದ್ದರೆ ಟಿಕೆಟ್ ತಗೊಳ್ಳಬೇಡಿ, ಕಾರ್ಡ್ ತೋರಿಸಿ ಒಳಗೂ ಹೋಗಬೇಡಿ. ಮೊದಲು ಗ್ರಾಹಕ ಸೇವಾ ಕೌಂಟರ್‌ಗೆ ಹೋಗಿ. ‘ಮೆಟ್ರೊ ಇದೆಯಾ?’ ಅಂತ ಕೇಳಿದರೆ ‘ಇದೆ, ಸ್ವಲ್ಪ ಲೇಟು’ ಅನ್ನುತ್ತಾರೆ, ಅದರಿಂದ ಏನೂ ಪ್ರಯೋಜನ ಇಲ್ಲ. ಹೀಗೆ ಕೇಳಿ:

ತೊಂದರೆ ಯಾವ ಸ್ಟೇಷನ್‌ನಿಂದ ಯಾವ ಸ್ಟೇಷನ್ ನಡುವೆ?
ನಾನು ಹೋಗಬೇಕಾದ ಸ್ಟೇಷನ್‌ವರೆಗೂ ರೈಲು ಹೋಗುತ್ತಾ, ನಡುವೆ ತಿರುಗಿಸುತ್ತಿದ್ದೀರಾ?
ಈಗ ಎಷ್ಟು ನಿಮಿಷಕ್ಕೊಂದು ರೈಲು ಬರುತ್ತಿದೆ?

ಎರಡನೇ ಪ್ರಶ್ನೆ ಯಾಕೆ ಅಂದರೆ, ದೋಷ ಇರುವ ಭಾಗವನ್ನು ಬಿಟ್ಟು ಉಳಿದ ಕಡೆ ಮಾತ್ರ ರೈಲು ಓಡಿಸುವುದುಂಟು. ಇದಕ್ಕೆ ಶಾರ್ಟ್ ಲೂಪ್ ಅನ್ನುತ್ತಾರೆ: ರೈಲು ಕೊನೆಯ ನಿಲ್ದಾಣಕ್ಕೆ ಹೋಗದೆ ಮಧ್ಯದಲ್ಲೇ ವಾಪಸ್ ತಿರುಗುತ್ತದೆ. ಮುಂದಿನ ಬೋರ್ಡ್ ನೋಡದೆ ಹತ್ತಿದರೆ ಗೊತ್ತಿಲ್ಲದ ಸ್ಟೇಷನ್ನಿನಲ್ಲಿ ಇಳಿಯಬೇಕಾಗುತ್ತದೆ.

ಮೂರನೇ ಪ್ರಶ್ನೆಯ ಉತ್ತರ ಹಳದಿ ಮಾರ್ಗದಲ್ಲಿ ಇನ್ನೂ ಮುಖ್ಯ. ಶುರುವಾದಾಗ ಅಲ್ಲಿ 25 ನಿಮಿಷಕ್ಕೊಂದು ರೈಲು ಇತ್ತು, ಆಮೇಲೆ ಅಂತರ ಕಡಿಮೆ ಮಾಡುತ್ತಾ ಬಂದರು. ರೈಲು ಕಡಿಮೆ ಇರುವ ಮಾರ್ಗದಲ್ಲಿ ಒಂದು ಕೈಕೊಟ್ಟರೂ ಪ್ಲಾಟ್‌ಫಾರಂ ತುಂಬಿಹೋಗುತ್ತದೆ.

ಒಂದು ಮಾತು ಬಿಚ್ಚಿಯೇ ಹೇಳುತ್ತೇನೆ. ‘ತಾಂತ್ರಿಕ ಕಾರಣದಿಂದ ವಿಳಂಬವಾಗಿದೆ, ಅನನುಕೂಲಕ್ಕೆ ವಿಷಾದಿಸುತ್ತೇವೆ’ ಅನ್ನುವ ಘೋಷಣೆ ಯಾರಿಗೂ ಸಾಲದು. ಎಲ್ಲಿಂದ ಎಲ್ಲಿವರೆಗೆ ತೊಂದರೆ, ಎಷ್ಟು ಹೊತ್ತು ಆಗಬಹುದು, ಹೊರಗೆ ಯಾವ ಬಸ್ ಸಿಗುತ್ತದೆ ಅಂತ ಕನ್ನಡದಲ್ಲಿ ಸ್ಪಷ್ಟವಾಗಿ ಹೇಳಬೇಕು. ಊರು ಗೊತ್ತಿಲ್ಲದವರಿಗೆ ಅದೇ ದೊಡ್ಡ ಆಸರೆ. ಅವರಾಗಿ ಹೇಳದಿದ್ದರೆ ಕೇಳುವುದು ನಿಮ್ಮ ಹಕ್ಕು, ಸಂಕೋಚ ಪಡಬೇಡಿ.

4. ಒಳಗೆ ಸಿಕ್ಕಿಕೊಂಡಿದ್ದರೆ

ಎರಡು ಸ್ಟೇಷನ್‌ಗಳ ನಡುವೆ ರೈಲು ನಿಂತರೆ ಮೊದಲ ಕೆಲಸ ಸುಮ್ನೆ ಕೂರುವುದು. ಬಾಗಿಲು ತಳ್ಳಲು, ಎಳೆಯಲು ಹೋಗಬೇಡಿ. ನಮ್ಮ ಮೆಟ್ರೊಗೆ ವಿದ್ಯುತ್ ಬರುವುದು ತಲೆಯ ಮೇಲಿನ ತಂತಿಯಿಂದಲ್ಲ. ಹಳಿಯ ಪಕ್ಕದಲ್ಲೇ ಮೂರನೇ ಹಳಿ ಇದೆ, ಅದರಲ್ಲಿ 750 ವೋಲ್ಟ್ ಹರಿಯುತ್ತದೆ. ಮೇಲೆ ತಂತಿ ಕಾಣುವುದಿಲ್ಲ ಅಂತ ಕೆಳಗಿಳಿದರೆ ಜೀವಕ್ಕೇ ಕುತ್ತು. ಇಳಿಸಬೇಕಾದ ಸಂದರ್ಭ ಬಂದರೆ ಸಿಬ್ಬಂದಿ ಬಂದು, ವಿದ್ಯುತ್ ಕಡಿತ ಮಾಡಿ, ಅವರೇ ಕರೆದುಕೊಂಡು ಹೋಗುತ್ತಾರೆ. ಅಲ್ಲಿವರೆಗೂ ರೈಲಿನೊಳಗೇ ಇರಿ.

ಯಾರಿಗಾದರೂ ತಲೆ ಸುತ್ತಿದರೆ, ಉಸಿರು ಕಟ್ಟಿದ ಹಾಗಾದರೆ ಬಾಗಿಲ ಬಳಿ ಚಾಲಕರ ಜೊತೆ ಮಾತಾಡುವ ಗುಂಡಿ ಇರುತ್ತದೆ, ಅದನ್ನು ಒತ್ತಿ. ಬೋಗಿಯೊಳಗೆ ಬರೆದಿರುವ ನಂಬರ್ ಹೇಳಿದರೆ ಸಹಾಯ ಬೇಗ ಬರುತ್ತದೆ. ಸಕ್ಕರೆ ಕಾಯಿಲೆ ಇರುವವರು ಬ್ಯಾಗಿನಲ್ಲಿ ನಾಲ್ಕು ಬಿಸ್ಕತ್ತು, ನೀರು, ಆ ಹೊತ್ತಿನ ಮಾತ್ರೆ ಇಟ್ಟುಕೊಂಡಿರಲೇಬೇಕು. ರಕ್ತ ಪರೀಕ್ಷೆಗೆ ಅಂತ ಖಾಲಿ ಹೊಟ್ಟೆಯಲ್ಲಿ ಹೋಗುವವರಂತೂ ಇದನ್ನು ಮರೆಯಬೇಡಿ.

ಡಾಕ್ಟರ್ ಹತ್ತಿರ ಹೊತ್ತು ತಗೊಂಡಿದ್ದರೆ ಕೂತಲ್ಲಿಂದಲೇ ಆಸ್ಪತ್ರೆಗೆ ಫೋನ್ ಮಾಡಿ, ಶಿವಮೊಗ್ಗದಿಂದ ಬಂದಿದ್ದೇವೆ, ಮೆಟ್ರೊದಲ್ಲಿ ಸಿಕ್ಕಿಕೊಂಡಿದ್ದೇವೆ ಅಂತ ಹೇಳಿ. ತಡವಾಗಿ ಹೋಗಿ ಕಾರಣ ಹೇಳುವುದಕ್ಕಿಂತ ಮೊದಲೇ ಹೇಳಿದ್ದರೆ ಕೌಂಟರಿನಲ್ಲಿ ನಿಮ್ಮ ಮಾತಿಗೆ ತೂಕ ಇರುತ್ತದೆ.

5. ಕಾಯುವುದಕ್ಕೆ ಒಂದು ಮಿತಿ ಹಾಕಿಕೊಂಡು, ಆಮೇಲೆ ಹೊರಡಿ

ನನ್ನ ಅಭಿಪ್ರಾಯ ಇಷ್ಟು: ಸ್ಟೇಷನ್ನಿನಲ್ಲಿ ನಿಂತು 15 ನಿಮಿಷದಲ್ಲಿ ರೈಲು ಬರದಿದ್ದರೆ, ಸಿಬ್ಬಂದಿಗೂ ಇಂಥ ಹೊತ್ತಿಗೆ ಸರಿಯಾಗುತ್ತದೆ ಅಂತ ಹೇಳಲು ಆಗದಿದ್ದರೆ, ಹೊರಗೆ ಬನ್ನಿ. ‘ಇಷ್ಟು ಹೊತ್ತು ಕಾದಿದ್ದೇವೆ, ಇನ್ನೈದು ನಿಮಿಷ ನೋಡೋಣ’ ಅಂತಲೇ ಒಂದು ಗಂಟೆ ಕಳೆದುಹೋಗುತ್ತದೆ. ಎಲ್ಲರೂ ಒಟ್ಟಿಗೆ ಹೊರಬಿದ್ದ ಮೇಲೆ ಆಟೊ ಸಿಗುವುದಿಲ್ಲ, ಬಸ್ಸಿಗೆ ಕಾಲಿಡಲೂ ಆಗುವುದಿಲ್ಲ.

ಹೊರಗೆ ಬಂದ ಮೇಲೆ ಸ್ಟೇಷನ್ ಬಾಗಿಲಲ್ಲೇ ನಿಂತು ಆಟೊ ಬುಕ್ ಮಾಡಬೇಡಿ. ಅಲ್ಲಿ ನೂರಾರು ಜನ ಅದನ್ನೇ ಮಾಡುತ್ತಿರುತ್ತಾರೆ, ದರವೂ ಏರಿರುತ್ತದೆ. ಮುಂದಿನ ಬಸ್ ಸ್ಟಾಪಿನವರೆಗೆ ನಡೆದು ಅಲ್ಲಿಂದ ನಮ್ಮ ಯಾತ್ರಿಯಲ್ಲೋ ಬೇರೆ ಆ್ಯಪಿನಲ್ಲೋ ನೋಡಿ.

ಈಗ ವೈಟ್‌ಫೀಲ್ಡ್ ಕಡೆಯ ಒಳ್ಳೆಯ ದಾರಿ. ನೇರಳೆ ಮಾರ್ಗದ ಪೂರ್ವ ಭಾಗಕ್ಕೆ ಹೆಚ್ಚುಕಡಿಮೆ ಜೊತೆಯಾಗಿಯೇ ಭಾರತೀಯ ರೈಲ್ವೆಯ ಹಳಿ ಇದೆ: ಮೆಜೆಸ್ಟಿಕ್‌ನ ಸಂಗೊಳ್ಳಿ ರಾಯಣ್ಣ ನಿಲ್ದಾಣ, ಕಂಟೋನ್ಮೆಂಟ್, ಬೈಯಪ್ಪನಹಳ್ಳಿ, ಕೆ.ಆರ್. ಪುರ, ವೈಟ್‌ಫೀಲ್ಡ್. ಬೈಯಪ್ಪನಹಳ್ಳಿ, ಕೆ.ಆರ್. ಪುರ, ವೈಟ್‌ಫೀಲ್ಡ್ ಮೂರರಲ್ಲೂ ಮೆಟ್ರೊ ಸ್ಟೇಷನ್ನಿನಿಂದ ರೈಲ್ವೆ ಸ್ಟೇಷನ್ನಿಗೆ ನಡೆದೇ ಹೋಗಬಹುದು. 2024ರ ಅಕ್ಟೋಬರ್ 1ರ ಬೆಳಿಗ್ಗೆ ಬೈಯಪ್ಪನಹಳ್ಳಿ ಮತ್ತು ಗರುಡಾಚಾರ್‌ಪಾಳ್ಯ ನಡುವೆ ಸಿಗ್ನಲ್ ತೊಂದರೆಯಾಗಿ ನೇರಳೆ ಮಾರ್ಗ ತಡವಾಗಿತ್ತು. ಅಂಥ ದಿನ ಮೆಮು ರೈಲು, ಅಂದರೆ ಹತ್ತಿರದ ಊರುಗಳಿಗೆ ಓಡುವ ವಿದ್ಯುತ್ ಪ್ಯಾಸೆಂಜರ್, ಸಿಕ್ಕಿತು ಅಂದರೆ ಬಸ್ಸಿಗಿಂತ ಎಷ್ಟೋ ಮೇಲು. ರೈಲುಗಳ ನಡುವೆ ಅಂತರ ಜಾಸ್ತಿ, ಆದ್ದರಿಂದ ಸಮಯ ನೋಡಿಕೊಂಡೇ ಹೋಗಿ. ಸಾಮಾನ್ಯ ಟಿಕೆಟ್ ತಗೊಂಡು ಕಾದಿರಿಸಿದ ಬೋಗಿಗೆ ಹತ್ತಬೇಡಿ, ದಂಡ ಬೀಳುತ್ತದೆ.

6. ಹೊರಗೆ ಬರುವಾಗ ಟಿಕೆಟ್, ಕಾರ್ಡ್ ಸರಿ ಮಾಡಿಸಿಕೊಳ್ಳಿ

ಗಡಿಬಿಡಿಯಲ್ಲಿ ಸಿಬ್ಬಂದಿ ಪಕ್ಕದ ಗೇಟ್ ತೆರೆದು ಎಲ್ಲರನ್ನೂ ಬಿಡುತ್ತಾರೆ. ಕಾರ್ಡ್ ಇರುವವರು ಹಾಗೇ ಬಂದರೆ, ಒಳಗೆ ಹೋದ ದಾಖಲೆ ಕಾರ್ಡಿನಲ್ಲಿ ಉಳಿಯುತ್ತದೆ, ಹೊರಗೆ ಬಂದದ್ದು ಇರುವುದಿಲ್ಲ. ಮುಂದಿನ ಸಲ ಗೇಟ್ ತೆರೆಯುವುದೇ ಇಲ್ಲ, ಆಗ ಕೌಂಟರಿಗೆ ಹೋಗಿ ಸರಿಪಡಿಸಿಕೊಳ್ಳಬೇಕು. ಜನ ಕಡಿಮೆ ಇದ್ದರೆ ಅಲ್ಲೇ ಹೇಳಿ ಸರಿ ಮಾಡಿಸಿ. ಇಲ್ಲದಿದ್ದರೆ ಮತ್ತೆ ಬಳಸುವ ಮೊದಲು, ಹತ್ತು ನಿಮಿಷ ಮುಂಚೆ ಹೋಗಿ. ಇಂಥ ದಿನ ತೊಂದರೆಯಾಗಿತ್ತು ಅಂದರೆ ಅವರಿಗೆ ಗೊತ್ತಾಗುತ್ತದೆ.

ಟೋಕನ್, ಕ್ಯೂಆರ್ ಟಿಕೆಟ್ ಇದ್ದವರು ಅದನ್ನು ಗೇಟಿಗೆ ಹಾಕಿಬಿಡುವ ಮೊದಲು ಹಣ ವಾಪಸಿನ ಬಗ್ಗೆ ಕೌಂಟರಿನಲ್ಲಿ ಕೇಳಿ. ಗೇಟಿಗೆ ಹಾಕಿದ ಮೇಲೆ ಕೈಯಲ್ಲಿ ಸಾಕ್ಷಿ ಉಳಿಯುವುದಿಲ್ಲ. ಮೆಟ್ರೊ ಟಿಕೆಟ್ 10ರಿಂದ 90 ರೂಪಾಯಿ ಅಷ್ಟೇ. ಡಾಕ್ಟರ್ ಕಾಯುತ್ತಿರುವಾಗ 60 ರೂಪಾಯಿಗೆ ಅರ್ಧ ಗಂಟೆ ಸಾಲಿನಲ್ಲಿ ನಿಲ್ಲಬೇಡಿ, ಆಮೇಲೆ ಬರವಣಿಗೆಯಲ್ಲಿ ಕೇಳಬಹುದು.

ಇಂಟರ್‌ವ್ಯೂಗೆ ಹೋಗುವವರು ‘ಸೇವೆಯಲ್ಲಿ ವ್ಯತ್ಯಯ’ ಅನ್ನುವ ಫಲಕದ್ದೋ ಜನರ ಸಾಲಿನದ್ದೋ ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ಕಂಪನಿಯವರಿಗೆ ಕಳಿಸಲು ಆಗುತ್ತದೆ. ಪರೀಕ್ಷೆಗೆ ಹೋಗುವವರಿಗೆ ಇದು ಉಪಯೋಗಕ್ಕೆ ಬರುವುದಿಲ್ಲ, ಗೇಟ್ ಹಾಕಿದ ಮೇಲೆ ಹಾಕಿದ್ದೇ. ಅವರು ಹಿಂದಿನ ದಿನವೇ ಹೋಗಿ ಕೇಂದ್ರದ ಹತ್ತಿರ ಉಳಿದುಕೊಳ್ಳುವುದು ಒಳ್ಳೆಯದು.

7. ಊರಿಗೆ ಬರುವ ರೈಲು

ಜಾಸ್ತಿ ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಮೆಟ್ರೊ ಕೆಟ್ಟು ನಿಮಗೆ ಜನಶತಾಬ್ದಿಯೋ ತಾಳಗುಪ್ಪ ರೈಲೋ ತಪ್ಪಿದರೆ ರೈಲ್ವೆ ಹಣ ಕೊಡುವುದಿಲ್ಲ. ಮೆಟ್ರೊ ಬೇರೆ, ರೈಲ್ವೆ ಬೇರೆ. ಚಾರ್ಟ್, ಅಂದರೆ ಪ್ರಯಾಣಿಕರ ಅಂತಿಮ ಪಟ್ಟಿ, ತಯಾರಾದ ಮೇಲೆ ಕನ್ಫರ್ಮ್ ಟಿಕೆಟ್ ಕ್ಯಾನ್ಸಲ್ ಮಾಡಿ ದುಡ್ಡು ಪಡೆಯಲೂ ಆಗುವುದಿಲ್ಲ. ಮೆಟ್ರೊ ನಂಬಿ ಹೋಗುವುದಾದರೆ ರೈಲಿಗೆ ಒಂದೂವರೆ ಗಂಟೆ ಮುಂಚೆ ಮೆಜೆಸ್ಟಿಕ್ ತಲುಪುವ ಹಾಗೆ ಹೊರಡಿ. ಸಂಜೆ ಮಳೆ ಇದ್ದರೆ ಇನ್ನೂ ಬೇಗ.

ಟಿಕೆಟ್ ಮಾಡುವಾಗಲೇ ಒಂದು ಯೋಚನೆ ಮಾಡಿ. ಶಿವಮೊಗ್ಗದ ರೈಲು ಮೆಜೆಸ್ಟಿಕ್ ಬಿಟ್ಟು ಯಶವಂತಪುರದಲ್ಲೂ ನಿಂತರೆ, ನೀವು ಉಳಿದುಕೊಂಡಿರುವುದು ಪೀಣ್ಯ, ಮಲ್ಲೇಶ್ವರ, ಜಾಲಹಳ್ಳಿ ಕಡೆಯಾದರೆ, ಹತ್ತುವ ನಿಲ್ದಾಣ ಅಂತ ಯಶವಂತಪುರವನ್ನೇ ಹಾಕಿ. ಮೆಟ್ರೊ ನಿಂತರೂ ಆಟೊದಲ್ಲಿ ತಲುಪಬಹುದು. ಟಿಕೆಟ್‌ನಲ್ಲಿ ಮೆಜೆಸ್ಟಿಕ್ ಅಂತ ಇದ್ದು, ಕೊನೇ ಗಳಿಗೆಯಲ್ಲಿ ಯಶವಂತಪುರಕ್ಕೆ ಓಡಿದರೆ ನಿಮ್ಮ ಸೀಟು ಬೇರೆಯವರಿಗೆ ಹೋಗಿರಬಹುದು. ಹಾಗೆ ಮಾಡಲೇಬೇಕಾದರೆ ಹತ್ತಿದ ಕೂಡಲೇ ಟಿಟಿಇ ಅವರನ್ನು ಕಾಣಿ.

ಇನ್ನು ರೈಲೇ ತಡವಾದರೆ ನಿಯಮ ನಿಮ್ಮ ಪರವಾಗಿದೆ. ನಮ್ಮ ಶಿವಮೊಗ್ಗ ಮಾರ್ಗ ಬೀರೂರಿನಲ್ಲಿ ಬೆಂಗಳೂರು–ಹುಬ್ಬಳ್ಳಿ ಮುಖ್ಯ ಮಾರ್ಗಕ್ಕೆ ಸೇರುತ್ತದೆ. ಅರಸೀಕೆರೆ, ತುಮಕೂರು ಕಡೆ ಎಲ್ಲಿ ಸಿಗ್ನಲ್ ಕೆಟ್ಟರೂ ನಮ್ಮ ರೈಲು ನಿಲ್ಲುತ್ತದೆ. ಮನೆ ಬಿಡುವ ಮೊದಲು 139ಕ್ಕೆ ಫೋನ್ ಮಾಡಿ ಅಥವಾ ರೈಲ್ವೆಯದೇ ಆದ ಎನ್‌ಟಿಇಎಸ್ ಆ್ಯಪ್ ನೋಡಿ.

ನೀವು ಹತ್ತುವ ನಿಲ್ದಾಣಕ್ಕೆ ರೈಲು 3 ಗಂಟೆಗಿಂತ ಜಾಸ್ತಿ ತಡವಾಗಿ, ನೀವು ಪ್ರಯಾಣ ಬೇಡ ಅಂದುಕೊಂಡರೆ ಪೂರ್ತಿ ಹಣ ವಾಪಸ್ ಸಿಗುತ್ತದೆ. ಆನ್‌ಲೈನ್ ಟಿಕೆಟ್ ಆದರೆ ಐಆರ್‌ಸಿಟಿಸಿಯಲ್ಲಿ ಟಿಡಿಆರ್ ಹಾಕಬೇಕು, ಅಂದರೆ ಪ್ರಯಾಣ ಮಾಡದ ಕಾರಣ ತೋರಿಸಿ ಹಣ ಕೇಳುವ ಅರ್ಜಿ. ತಡವಾದ ರೈಲು ನಿಮ್ಮ ನಿಲ್ದಾಣದಿಂದ ನಿಜವಾಗಿ ಹೊರಡುವ ಮೊದಲೇ ಅದನ್ನು ಹಾಕಬೇಕು. ತುಂಬಾ ಜನ ‘ಊರಿಗೆ ಹೋಗಿ ನಿಧಾನಕ್ಕೆ ಹಾಕೋಣ’ ಅಂತ ಬಸ್ ಹತ್ತಿಬಿಡುತ್ತಾರೆ, ಅಷ್ಟರಲ್ಲಿ ರೈಲು ಹೊರಟು ಹೋಗಿರುತ್ತದೆ, ಹಣವೂ ಹೋಗುತ್ತದೆ. ಕೌಂಟರಿನಲ್ಲಿ ತಗೊಂಡ ಟಿಕೆಟ್ ಆದರೆ ಅದೇ ಗಡುವಿನೊಳಗೆ ಕೌಂಟರಿಗೇ ಕೊಡಬೇಕು.

ರೈಲು ಪೂರ್ತಿ ರದ್ದಾದರೆ ಆನ್‌ಲೈನ್ ಟಿಕೆಟ್‌ನ ಹಣ ತಾನಾಗಿಯೇ ಖಾತೆಗೆ ಬರುತ್ತದೆ, ಏನೂ ಮಾಡಬೇಕಿಲ್ಲ. ಕೌಂಟರ್ ಟಿಕೆಟ್‌ಗೆ ಮಾತ್ರ ಹಾಗಲ್ಲ: ರೈಲು ಹೊರಡಬೇಕಿದ್ದ ಹೊತ್ತಿನಿಂದ 3 ದಿನದೊಳಗೆ ಮೂಲ ಟಿಕೆಟ್ ತಗೊಂಡು ಹೋಗಿ ವಾಪಸ್ ಕೊಡಬೇಕು. ಶಿವಮೊಗ್ಗ ಟೌನ್ ಸ್ಟೇಷನ್ನಿನ ರಿಸರ್ವೇಶನ್ ಕೌಂಟರಿನಲ್ಲೂ ಕೊಡಬಹುದು, ಬೆಂಗಳೂರಲ್ಲೇ ಸಾಲು ನಿಲ್ಲಬೇಕಿಲ್ಲ. ಟಿಕೆಟ್ ಮಡಚಿ ಜೇಬಿನಲ್ಲಿಟ್ಟು ಮಳೆಯಲ್ಲಿ ನೆನೆಸಿಕೊಳ್ಳಬೇಡಿ, ಆಸ್ಪತ್ರೆ ಫೈಲಿನ ಪ್ಲಾಸ್ಟಿಕ್ ಕವರಿನೊಳಗೆ ಹಾಕಿಡಿ.